ಕೇಳಿ, ಹೇಳುತ್ತೇನೆ: ಸ್ಟೇಜ್ ಹತ್ತಿದರೆ ಕಾಲು ನಡುಗುತ್ತದೆ ಮೇಡಂ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೈಸ್ಕೂಲಿನ ಸ್ಟೇಜಿಗೆ ಸಂಬಂಧಪಟ್ಟವು. ಭಾಷಣ, ಚರ್ಚೆ, ನಾಟಕ, ಪದ್ಯವಾಚನ ಎಲ್ಲ ಇದೆ. ಬಹಳ ವರ್ಷ ಹೈಸ್ಕೂಲ್ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟವಳು ನಾನು, ಅದಕ್ಕೇ ಕೆಲವು ಉತ್ತರ ಉದ್ದ ಆಗಿಬಿಟ್ಟಿವೆ, ಸಹಿಸಿಕೊಳ್ಳಿ. ಹೆಸರು ಬೇಡ ಅಂತ ಹಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು 9ನೇ ತರಗತಿ. ಮನೆಯಲ್ಲಿ ಭಾಷಣ ಗಡಗಡ ಅಂತ ಒಪ್ಪಿಸುತ್ತೇನೆ. ಸ್ಟೇಜ್ ಹತ್ತಿದರೆ ಕಾಲು ನಡುಗುತ್ತದೆ, ಬಾಯಿ ಒಣಗುತ್ತದೆ. ಹೋದ ಸಲ ಮಧ್ಯದಲ್ಲಿ ಮರೆತು ನಿಂತುಬಿಟ್ಟೆ, ಇಡೀ ಕ್ಲಾಸು ನಕ್ಕಿತು. ಎಲ್ಲರೂ "ಧೈರ್ಯ ತಗೋ" ಅನ್ನುತ್ತಾರೆ. ಎಲ್ಲಿಂದ ತಗೊಳ್ಳಲಿ?

ಉತ್ತರ: "ಧೈರ್ಯ ತಗೋ" ಅನ್ನುವವರ ಕೈಗೆ ಮುಂದಿನ ಸಲ ಮೈಕ್ ಕೊಟ್ಟು ನೋಡು ಪುಟ್ಟಾ, ಅರ್ಧ ಜನ ಅಲ್ಲಿಂದ ಮಾಯ.

ಮೊದಲು ಕಾಲಿನ ವಿಷಯ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಜಾಸ್ತಿ ಆಗುತ್ತದೆ. ಎದೆ ಬಡಿತ ಏರುತ್ತದೆ, ಕಾಲಿನ ಸ್ನಾಯುಗಳು ಓಡುವುದಕ್ಕೆ ತಯಾರಾಗುತ್ತವೆ, ಬಾಯಲ್ಲಿ ಜೊಲ್ಲು ಕಮ್ಮಿ ಆಗುತ್ತದೆ. ಆದರೆ ನೀನು ಓಡುವುದಿಲ್ಲ, ಅಲ್ಲೇ ನೆಟ್ಟಗೆ ನಿಂತಿರುತ್ತೀಯ. ಓಡಬೇಕಿದ್ದ ಕಾಲು ನಡುಗದೆ ಇನ್ನೇನು ಮಾಡೀತು? ಹೇಡಿತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೆಸರು ಕರೆಯುವ ಐದು ನಿಮಿಷ ಮುಂಚೆ ಕುರ್ಚಿಯಲ್ಲಿ ಮುದುಡಿಕೊಂಡು ಕೂರಬೇಡ, ಎದ್ದು ಕಾರಿಡಾರಿನಲ್ಲಿ ನಾಲ್ಕು ಸಲ ಜೋರಾಗಿ ನಡೆದು ಬಾ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನ ಆಗಲಿ. ಮೂರು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಐದಾರು ಸಲ. ನಡುಕ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

"ನಾನು ಶಾಂತವಾಗಿದ್ದೇನೆ, ಶಾಂತವಾಗಿದ್ದೇನೆ" ಅಂತ ಜಪ ಮಾಡುವುದನ್ನೂ ಬಿಡು. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅನ್ನುವವರು ಇದನ್ನೇ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಭಾಷಣಕ್ಕೆ ಮುಂಚೆ "ನಾನು ಶಾಂತ" ಅಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಅಂದುಕೊಂಡವರು ಚೆನ್ನಾಗಿ ಮಾತಾಡಿದರು. ಯೋಚಿಸಿದರೆ ಸರಿಯಾಗೇ ಇದೆ, ಅಲ್ವಾ? ಎದೆ ಹೊಡೆದುಕೊಳ್ಳುತ್ತಾ ಇರುವಾಗ ಶಾಂತ ಅಂದರೆ ನಿನ್ನ ಮೈಯೇ ನಂಬುವುದಿಲ್ಲ, ಹುರುಪು ಅಂದರೆ ನಂಬುತ್ತದೆ.

ಈಗ ಮರೆಯುವ ವಿಷಯ, ನಿಜವಾದ ಗುಟ್ಟು ಇಲ್ಲಿದೆ. ಮನೆಯಲ್ಲಿ ನೀನು ಅಭ್ಯಾಸ ಮಾಡುವುದು ಹೇಗೆ ಅಂತ ಹೇಳಲಾ? ಮಂಚದ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಅರ್ಧ ಗೊಣಗುತ್ತಾ. ಒಂದು ಪದ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ, ರೈಲಿನ ಬೋಗಿಗಳ ಹಾಗೆ. ಸ್ಟೇಜಿನಲ್ಲಿ ಒಂದು ಕೊಂಡಿ ಕಳಚಿತು ಅಂದರೆ ಹಿಂದಿನ ಬೋಗಿಗಳೆಲ್ಲ ಅಲ್ಲೇ ನಿಲ್ಲುತ್ತವೆ. ಕಣ್ಣಿಗೆ ಪಾಠ ಆಗಿದೆ, ಬಾಯಿಗೆ ಆಗಿಲ್ಲ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ಅಕ್ಷರಶಃ ಬಾಯಿಪಾಠ ಮಾಡು. ಮಧ್ಯದ್ದನ್ನು ನಾಲ್ಕು ವಿಷಯ ಮಾಡಿಕೊಂಡು ಪ್ರತಿ ಸಲ ಬೇರೆ ಬೇರೆ ಪದಗಳಲ್ಲಿ ಹೇಳು. ಎದ್ದು ನಿಂತು ಹೇಳು, ಪಕ್ಕದಲ್ಲಿ ಟೀವಿ ಓಡುತ್ತಾ ಇರಲಿ. ಕೆಲವೊಮ್ಮೆ ಮೂರನೇ ವಿಷಯದಿಂದ ಶುರು ಮಾಡು, ಆಗ ಮಧ್ಯದಲ್ಲಿ ತಪ್ಪಿದರೂ ಎಲ್ಲಿಂದ ಬೇಕಾದರೂ ಹತ್ತಿಕೊಳ್ಳಬಹುದು.

ನನ್ನ ಹತ್ತಿರ ಒಬ್ಬಳು ಹುಡುಗಿ ಇದ್ದಳು, ನಿನ್ನ ಹಾಗೇ. ಅವಳು ಎಡಗೈಯಲ್ಲಿ ಒಂದು ಕರ್ಚೀಫ್ ಹಿಡಿದುಕೊಂಡು ಹೋಗುತ್ತಿದ್ದಳು. ಕರ್ಚೀಫಿಗೆ ನಾಲ್ಕು ಮೂಲೆ, ಭಾಷಣದಲ್ಲಿ ನಾಲ್ಕು ವಿಷಯ. ಮೊದಲನೇದು ಮುಗಿದ ಕೂಡಲೇ ಬೆರಳು ಮುಂದಿನ ಮೂಲೆಗೆ ಜಾರುತ್ತಿತ್ತು. ನೋಡುವವರಿಗೆ ಬೆವರು ಒರೆಸಿಕೊಳ್ಳಲು ಹಿಡಿದಿದ್ದಾಳೆ ಅನ್ನಿಸುತ್ತಿತ್ತು, ಅಷ್ಟೇ. ಮೂರು ವರ್ಷ ಅದೇ ಕರ್ಚೀಫ್, ತೊಳೆಯುತ್ತಿದ್ದಳೋ ಇಲ್ಲವೋ ನಾನು ಕೇಳಲಿಲ್ಲ.

ಇಷ್ಟಾದ ಮೇಲೂ ಮರೆತರೆ? ಹಿಂದಿನ ವಾಕ್ಯವನ್ನೇ ಇನ್ನೊಂದು ಸಲ, ನಿಧಾನವಾಗಿ, ಒತ್ತಿ ಹೇಳು. ಒತ್ತು ಕೊಡುತ್ತಿದ್ದೀಯ ಅಂದುಕೊಳ್ಳುತ್ತಾರೆ. ನಿನ್ನ ಹಾಳೆ ಅವರ ಕೈಯಲ್ಲಿಲ್ಲ, ಏನು ಬಿಟ್ಟೆ ಅಂತ ಗೊತ್ತಾಗುವುದೇ ಇಲ್ಲ. ಇನ್ನು ನಕ್ಕವರ ಬಗ್ಗೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಹಾಕಿಕೊಳ್ಳಲು ನಾಚಿಕೆ ಆಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಯನ್ನು ಜನ ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಅದನ್ನು ತೊಟ್ಟವರನ್ನೇ ಕೇಳಿದರೆ ಹೆಚ್ಚುಕಮ್ಮಿ ಅರ್ಧ ಜನ ಅಂತ ಹೇಳಿದರು. ನಿಜವಾಗಿ ಗಮನಿಸಿದ್ದು ಕಾಲು ಭಾಗ. ನಿನ್ನ ಕ್ಲಾಸಿನವರಲ್ಲಿ ಬಹುಪಾಲು ಜನ ಆವತ್ತು ಸಂಜೆಗೇ ಮರೆತಿದ್ದಾರೆ, ಇನ್ನೂ ನೆನಪಿಟ್ಟುಕೊಂಡಿರುವವಳು ನೀನೊಬ್ಬಳೇ.

ಪ್ರಶ್ನೆ: ನನ್ನ ಭಾಷಣ ಅಪ್ಪ ಬರೆದುಕೊಟ್ಟಿದ್ದಾರೆ. ಐದು ನಿಮಿಷದ ಸ್ಪರ್ಧೆಗೆ ಆರು ಪುಟ. ಅದರಲ್ಲಿರುವ ಎಷ್ಟೋ ಪದ ನನಗೆ ಹೇಳಲು ಬರುವುದಿಲ್ಲ. ಅಪ್ಪನಿಗೆ ಹೇಗೆ ಹೇಳಲಿ? (8ನೇ ತರಗತಿ ಹುಡುಗ)

ಉತ್ತರ: ಹೇಳಬೇಡ, ಕೇಳಿಸು. ಅಪ್ಪನನ್ನು ಎದುರಿಗೆ ಕೂರಿಸಿ, ಗಡಿಯಾರ ಕೈಗೆ ಕೊಟ್ಟು, ಆರೂ ಪುಟ ಓದು. ಏಳನೇ ನಿಮಿಷಕ್ಕೆ ಅವರೇ ಆಕಳಿಸುತ್ತಾರೆ. ನನ್ನ ಗಡಿಯಾರದ ಲೆಕ್ಕದಲ್ಲಿ ಹೈಸ್ಕೂಲ್ ಮಕ್ಕಳು ಕೇಳುವವರಿಗೆ ಅರ್ಥ ಆಗುವ ಹಾಗೆ ಕನ್ನಡ ಮಾತಾಡಿದರೆ ನಿಮಿಷಕ್ಕೆ 90ರಿಂದ 100 ಪದ. ಐದು ನಿಮಿಷಕ್ಕೆ 450 ಪದ ಸಾಕು, ಕೈಬರಹದಲ್ಲಿ ಎರಡು ಎರಡೂವರೆ ಪುಟ.

ಅಪ್ಪನಿಗೆ ಒಂದು ಕಥೆ ಬೇಕಾದರೆ ಇದನ್ನು ಹೇಳು. 1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಎಡ್ವರ್ಡ್ ಎವರೆಟ್ ಎಂಬ ದೊಡ್ಡ ಭಾಷಣಕಾರ ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದ ಅಬ್ರಹಾಂ ಲಿಂಕನ್ ಹೇಳಿದ್ದು 270 ಪದದ ಆಸುಪಾಸು, ಎರಡು ಮೂರು ನಿಮಿಷದಲ್ಲಿ ಮುಗಿಯಿತು. ಜಗತ್ತು ನೆನಪಿಟ್ಟುಕೊಂಡದ್ದು ಯಾವುದನ್ನು ಅಂತ ನಿನಗೂ ಗೊತ್ತು. ನೀವು ಎರಡು ನಿಮಿಷದಲ್ಲಿ ಹೇಳಿದ್ದರ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದರೆ ಸಂತೋಷಪಡುತ್ತಿದ್ದೆ ಅನ್ನುವ ಅರ್ಥ ಬರುವಂತೆ ಎವರೆಟ್ ಅವರೇ ಮಾರನೇ ದಿನ ಲಿಂಕನ್‌ಗೆ ಪತ್ರ ಬರೆದರು. ದೊಡ್ಡ ಮನುಷ್ಯ.

ಪದಗಳ ವಿಷಯಕ್ಕೆ ಬಂದರೆ, ಅಪ್ಪ ಬರೆದದ್ದು ಓದುವ ಕನ್ನಡ, ನಿನಗೆ ಬೇಕಾಗಿರುವುದು ಆಡುವ ಕನ್ನಡ. "ಪರಿಸರ ಸಂರಕ್ಷಣೆಯು ಪ್ರತಿಯೊಬ್ಬ ನಾಗರಿಕನ ಆದ್ಯ ಕರ್ತವ್ಯವಾಗಿದೆ" ಅಂತ ಶುರು ಮಾಡಿದರೆ ಮುಂದೆ ಕೂತವರು ಚಪ್ಪಲಿ ನೋಡಿಕೊಳ್ಳುತ್ತಾರೆ. "ನಮ್ಮ ಕ್ಲಾಸಿನ ಕಿಟಕಿ ಪಕ್ಕ ಒಂದು ಮರ ಇತ್ತು. ಈಗ ಅಲ್ಲಿ ಸೈಕಲ್ ಸ್ಟ್ಯಾಂಡ್ ಇದೆ." ಇಷ್ಟು ಹೇಳಿ ಒಂದು ಕ್ಷಣ ಸುಮ್ಮನಿರು, ತಲೆ ಎತ್ತುತ್ತಾರೆ. ಅಪ್ಪನ ವಿಷಯ ಇಟ್ಟುಕೋ, ಮಾತು ನಿನ್ನದಾಗಲಿ. ಅವರ ಒಂದು ವಾಕ್ಯವನ್ನಾದರೂ ಕೊನೆಯಲ್ಲಿ ಉಳಿಸು, ಪಾಪ, ರಾತ್ರಿ ಕೂತು ಬರೆದಿರುತ್ತಾರೆ. ಮತ್ತೆ "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಶುರುವಾಗಿ ಒಂದು ನಿಮಿಷ ನುಂಗುವ ಸಂಬೋಧನೆ ಬೇಡವೇ ಬೇಡ, "ಎಲ್ಲರಿಗೂ ನಮಸ್ಕಾರ" ಸಾಕು.

ಉಚ್ಚಾರಣೆಗೆ ಒಂದೇ ಮಾತು. ಅ ಮತ್ತು ಹ ಅದಲು ಬದಲು ಆಗುತ್ತದೋ ನೋಡಿಕೋ. "ಹಕ್ಕಿ ಹಾರಿತು" ಅನ್ನುವ ಕಡೆ "ಅಕ್ಕಿ ಆರಿತು" ಅಂದರೆ ಪಾಪ ಆ ಹಕ್ಕಿಯ ಗತಿ ಏನು? ಬಾಯಿಯ ಮುಂದೆ ಅಂಗೈ ಹಿಡಿದು ಎರಡನ್ನೂ ಹೇಳು, ಹ ಅಂದಾಗ ಅಂಗೈಗೆ ಗಾಳಿ ತಾಗಬೇಕು, ಅ ಅಂದಾಗ ತಾಗಬಾರದು.

ಪ್ರಶ್ನೆ: ನಾಟಕದಲ್ಲಿ ನನಗೆ ರಾಜನ ಪಾರ್ಟು ಸಿಕ್ಕಿದೆ. ಆದರೆ ಈಗ ಎರಡು ತಿಂಗಳಿಂದ ನನ್ನ ಧ್ವನಿ ಒಡೆದಿದೆ. ದಪ್ಪಗೆ ಮಾತಾಡುತ್ತಾ ಇದ್ದ ಹಾಗೇ ಇದ್ದಕ್ಕಿದ್ದ ಹಾಗೆ ಕೀಚಲು ಆಗುತ್ತದೆ. ಪಾರ್ಟು ಬಿಟ್ಟುಬಿಡಲಾ?

ಉತ್ತರ: ಬಿಡಬೇಡ. ನಿನ್ನ ವಯಸ್ಸಿಗೆ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಅದರೊಳಗಿನ ಧ್ವನಿತಂತುಗಳು ಉದ್ದ ಆಗುತ್ತವೆ, ದಪ್ಪ ಆಗುತ್ತವೆ. ಚಿಕ್ಕ ಮಗುವಿನಲ್ಲಿ ಅವು ಸೆಕೆಂಡಿಗೆ ಸುಮಾರು 300 ಸಲ ಅದುರುತ್ತವೆ, ದೊಡ್ಡ ಗಂಡಸರಲ್ಲಿ 100ರಿಂದ 130. ಅಷ್ಟು ಕೆಳಗಿಳಿಯುವ ದಾರಿಯಲ್ಲಿದ್ದೀಯ, ನಡುವೆ ಕಾಲು ಜಾರುತ್ತದೆ, ಅಷ್ಟೇ. ಸಾಮಾನ್ಯವಾಗಿ 12ರಿಂದ 15 ವರ್ಷದೊಳಗೆ ಶುರುವಾಗುತ್ತದೆ, ಕೆಲವರಿಗೆ ಕೆಲವೇ ತಿಂಗಳಲ್ಲಿ, ಕೆಲವರಿಗೆ ಒಂದೆರಡು ವರ್ಷದಲ್ಲಿ ನೆಲೆಗೆ ನಿಲ್ಲುತ್ತದೆ. ಹುಡುಗಿಯರ ಧ್ವನಿಯೂ ಈ ವಯಸ್ಸಿನಲ್ಲಿ ಬದಲಾಗುತ್ತದೆ, ಕಮ್ಮಿ ಪ್ರಮಾಣದಲ್ಲಿ, ಹಾಗಾಗಿ ಯಾರೂ ನಗುವುದಿಲ್ಲ.

ರಾಜ ಅಂದ ಕೂಡಲೇ ಗಂಟಲನ್ನು ಒತ್ತಿ ದಪ್ಪ ಧ್ವನಿ ತೆಗೆಯಲು ಹೋಗುತ್ತೀಯ, ಅಲ್ವಾ? ಅಲ್ಲೇ ಒಡೆಯುವುದು. ಸಲೀಸಾಗಿ ಬರುವ ಸ್ಥಾಯಿಯಲ್ಲೇ ಮಾತಾಡು, ಆದರೆ ನಿಧಾನ. ಅರಮನೆಯಲ್ಲಿ ಅವಸರ ಇಲ್ಲದವನು ಒಬ್ಬನೇ, ಮಿಕ್ಕವರೆಲ್ಲ ಅವನಿಗೋಸ್ಕರ ಓಡಾಡುವವರು. ಹೆಜ್ಜೆ ನಿಧಾನ, ತಲೆ ತಿರುಗಿಸುವುದು ನಿಧಾನ, ಉತ್ತರ ಕೊಡುವುದು ಇನ್ನೂ ನಿಧಾನ. ನಮ್ಮ ಒಂದು ನಾಟಕದಲ್ಲಿ ರಾಜ "ಯಾರಲ್ಲಿ!" ಅಂದ, "ಯಾರ" ದಪ್ಪಗೆ, "ಲ್ಲಿ" ಕೀಚಲು. ಸಭಾಂಗಣ ಗೊಳ್ಳೆಂದಿತು. ಹುಡುಗ ಗಾಬರಿ ಆಗಲಿಲ್ಲ, ನಗು ನಿಲ್ಲುವ ತನಕ ಜನರನ್ನೇ ದಿಟ್ಟಿಸಿ ನೋಡಿದ, ಆಮೇಲೆ ಬಹಳ ಮೆತ್ತಗೆ ಇನ್ನೊಂದು ಸಲ "ಯಾರಲ್ಲಿ" ಅಂದ. ಕಾವಲುಗಾರನ ಪಾರ್ಟಿನವನು ನಿಜವಾಗಿ ಹೆದರಿ ಓಡಿ ಬಂದ, ಅವನ ಎಂಟ್ರಿ ಇದ್ದದ್ದು ಇನ್ನೆರಡು ಡೈಲಾಗ್ ಆದ ಮೇಲೆ.

ದಿನಾ ರಿಹರ್ಸಲ್‌ಗೆ ಮುಂಚೆ ತುಟಿ ಸಡಿಲ ಬಿಟ್ಟು ಬುರ್ರ್ ಅನ್ನಿಸುತ್ತಾ ಮೇಲೆ ಕೆಳಗೆ ಧ್ವನಿ ಓಡಿಸು, ಎರಡು ನಿಮಿಷ. ಆಮೇಲೆ ಬಾಯಿ ಮುಚ್ಚಿ ಗುಂಯ್ ಅನ್ನು. ನೀರನ್ನು ಬೆಳಗ್ಗೆಯಿಂದಲೇ ಕುಡಿ. ಕುಡಿದ ನೀರು ಧ್ವನಿತಂತುಗಳ ಮೇಲೆ ಹರಿದು ಹೋಗುವುದಿಲ್ಲ, ಅದು ಹೋಗುವುದು ಅನ್ನನಾಳಕ್ಕೆ. ಮೈಗೆಲ್ಲ ಸೇರಿದ ಮೇಲೇ ತಂತುಗಳಿಗೂ ಸಿಗುವುದು, ಅದಕ್ಕೇ ಸ್ಟೇಜ್ ಹತ್ತುವಾಗ ಗಟಗಟ ಕುಡಿದರೆ ಬಾಯಿಯ ಒಣಗು ಹೋಗುತ್ತದೆ ಅಷ್ಟೇ. ಪದೇ ಪದೇ ಗಂಟಲು ಕೆರೆದುಕೊಳ್ಳಬೇಡ, ಹಾಗೆ ಮಾಡಿದಾಗ ತಂತುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ, ಉಗುಳು ನುಂಗು. ಗಂಟಲು ನೋವು ಬಂದರೆ ಪಿಸುಮಾತು ಆಡುವುದೂ ಬೇಡ, ಸುಮ್ಮನಿರುವುದೇ ವಿಶ್ರಾಂತಿ. ಎರಡು ಮೂರು ವಾರ ಆದರೂ ಕರ್ಕಶ ಹೋಗದಿದ್ದರೆ ಡಾಕ್ಟರಿಗೆ ತೋರಿಸು.

ಪ್ರಶ್ನೆ: ಚರ್ಚಾ ಸ್ಪರ್ಧೆಯಲ್ಲಿ "ಹೈಸ್ಕೂಲಿಗೆ ಮೊಬೈಲ್ ತರಬಾರದು" ಅನ್ನುವ ವಿಷಯಕ್ಕೆ ನನಗೆ ಪರವಾಗಿ ಮಾತಾಡಲು ಹೇಳಿದ್ದಾರೆ. ನನ್ನ ಅಭಿಪ್ರಾಯ ಅದಲ್ಲ. ಮನಸ್ಸಿನಲ್ಲಿ ಇಲ್ಲದ್ದನ್ನು ವಾದಿಸುವುದು ಸುಳ್ಳು ಹೇಳಿದ ಹಾಗೆ ಅಲ್ಲವೇ? (10ನೇ ತರಗತಿ ವಿದ್ಯಾರ್ಥಿನಿ)

ಉತ್ತರ: ಈ ವಾರದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಇಲ್ಲ, ಸುಳ್ಳಲ್ಲ. ಸುಳ್ಳು ಅಂದರೆ ಕೇಳುವವರಿಗೆ ಗೊತ್ತಾಗದ ಹಾಗೆ ಮೋಸ ಮಾಡುವುದು. ಇಲ್ಲಿ ಪಕ್ಷ ಹಂಚಿದ್ದಾರೆ ಅಂತ ಎಲ್ಲರಿಗೂ ಗೊತ್ತು. ನಾಟಕದಲ್ಲಿ ಕಳ್ಳನ ಪಾರ್ಟು ಮಾಡಿದವನನ್ನು ಯಾರೂ ಸ್ಟೇಷನ್ನಿಗೆ ಎಳೆದುಕೊಂಡು ಹೋಗುವುದಿಲ್ಲ. 1988ರಲ್ಲಿ ಶುರುವಾದ ವಿಶ್ವ ಶಾಲಾ ಚರ್ಚಾ ಚಾಂಪಿಯನ್‌ಶಿಪ್‌ನಲ್ಲೂ ಪಕ್ಷವನ್ನು ಮಕ್ಕಳು ಆರಿಸಿಕೊಳ್ಳುವಂತಿಲ್ಲ, ಕೊಟ್ಟದ್ದನ್ನು ವಾದಿಸಬೇಕು. ಅಲ್ಲಿ ಒಂದು ಪಕ್ಷಕ್ಕೆ ಮೂವರು ಮಾತುಗಾರರು, ತಲಾ 8 ನಿಮಿಷ, ಕೊನೆಗೆ 4 ನಿಮಿಷದ ಮರುಭಾಷಣ. ಮಾತಾಡುವವರನ್ನು ಎದುರಿನವರು ಎದ್ದು ನಡುವೆ ಪ್ರಶ್ನೆ ಕೇಳಬಹುದು, ಮೊದಲ ಮತ್ತು ಕೊನೆಯ ನಿಮಿಷದಲ್ಲಿ, ಮರುಭಾಷಣದಲ್ಲಿ ಮಾತ್ರ ಕೇಳುವಂತಿಲ್ಲ. ನಿಮ್ಮ ಸ್ಪರ್ಧೆಯ ನಿಯಮ ಬೇರೆ ಇರಬಹುದು, ಆದರೆ ಈ "ನಡುವೆ ಪ್ರಶ್ನೆ" ಅಭ್ಯಾಸವನ್ನು ಗೆಳತಿಯರ ಜೊತೆ ಮಾಡಿ ನೋಡಿ, ಬಾಯಿಪಾಠದ ಭಾಷಣ ಎರಡೇ ನಿಮಿಷದಲ್ಲಿ ಉದುರಿಹೋಗುತ್ತದೆ.

ಸುಳ್ಳಾಗುವುದು ಬೇರೆ ಕಡೆ. ಇಲ್ಲದ ಅಂಕಿ ಅಂಶ ಹುಟ್ಟಿಸಿದರೆ ಸುಳ್ಳು. ಎದುರಿನವರು ಹೇಳದ್ದನ್ನು ಹೇಳಿದರು ಅಂದರೆ ಸುಳ್ಳು. "ಒಂದು ಸಮೀಕ್ಷೆಯ ಪ್ರಕಾರ ಶೇಕಡಾ 85 ಮಕ್ಕಳು" ಅಂತ ಗಾಳಿಯಲ್ಲಿ ಬಿಡುವ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಯಾವ ಸಮೀಕ್ಷೆ ಅಂತ ತೀರ್ಪುಗಾರರು ಕೇಳಿದರೆ ಮುಖ ಬಿಳಿಚಿಕೊಳ್ಳುತ್ತದೆ.

ತಯಾರಿ ಹೀಗೆ ಮಾಡು. ನೀನು ನಂಬಿರುವ ಪಕ್ಷವನ್ನೇ ಮೊದಲು ಬರೆ, ಅದು ನಿನಗೆ ಸುಲಭ. ಮನೆಯಿಂದ ದೂರ ಇರುವ ಮಕ್ಕಳಿಗೆ ಫೋನ್ ಬೇಕು, ಗೊತ್ತಿಲ್ಲದ ಪದ ತಕ್ಷಣ ಹುಡುಕಬಹುದು, ನಿಷೇಧಿಸಿದರೆ ಕದ್ದು ತರುತ್ತಾರೆ, ಹೀಗೆ. ಈಗ ಇವು ಎದುರಾಳಿಯ ಕೈಯಲ್ಲಿರುವ ಬಾಣಗಳು, ಅತ್ಯಂತ ಚೂಪಾದ್ದು ಯಾವುದು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೆ ಉತ್ತರ ಹುಡುಕು. "ಕದ್ದು ತರುತ್ತಾರೆ" ಅಂದರೆ, ಕಾಪಿ ಹೊಡೆಯುವವರು ಇದ್ದಾರೆ ಅಂತ ಪರೀಕ್ಷೆಯಲ್ಲಿ ಪುಸ್ತಕ ತೆರೆದಿಡಲು ಬಿಡುತ್ತೇವೆಯೇ ಅಂತ ಕೇಳಬಹುದು. "ತುರ್ತಿಗೆ ಬೇಕು" ಅಂದರೆ, ತುರ್ತಿಗೆ ಆಫೀಸಿನ ಫೋನ್ ಇದೆ, ತರಗತಿಯೊಳಗೆ ಜೇಬಿನಲ್ಲಿ ಯಾಕೆ ಅಂತ ಕೇಳಬಹುದು. ನಂಬದ ಪಕ್ಷ ಸಿಕ್ಕಿದವರೇ ಎಷ್ಟೋ ಸಲ ಗೆಲ್ಲುವುದು ಇದಕ್ಕೇ, ಅವರು ಎರಡೂ ಕಡೆ ಓಡಾಡಿ ಬಂದಿರುತ್ತಾರೆ.

ಸ್ಪರ್ಧೆಯ ದಿನ ಒಂದು ಹಾಳೆಯನ್ನು ಉದ್ದಕ್ಕೆ ಮಡಚು. ಎಡಗಡೆ ನೀಲಿ ಪೆನ್ನಿನಲ್ಲಿ ಎದುರಿನವರು ಹೇಳಿದ್ದು, ಪೂರ್ತಿ ವಾಕ್ಯ ಬೇಡ, ಎರಡು ಪದ. ಬಲಗಡೆ ಕೆಂಪು ಪೆನ್ನಿನಲ್ಲಿ ನಿನ್ನ ಉತ್ತರ, ಅದೂ ಎರಡು ಪದ. ಬಲಗಡೆ ಎಲ್ಲಿ ಖಾಲಿ ಇದೆಯೋ ಅಲ್ಲಿ ನಿನಗೆ ಕಷ್ಟ ಇದೆ ಅಂತ ಕಣ್ಣಿಗೇ ಕಾಣುತ್ತದೆ. ಉತ್ತರ ಕೊಡುವ ಮುಂಚೆ ಅವರ ಮಾತನ್ನು ಅವರೇ ತಲೆಯಾಡಿಸುವಷ್ಟು ಸರಿಯಾಗಿ ಒಂದು ವಾಕ್ಯದಲ್ಲಿ ಹೇಳು. ಚರ್ಚೆಯಲ್ಲಿ ಅರ್ಧ ಕೆಲಸ ಕಿವಿಯದ್ದು. ಮೇಜು ಗುದ್ದುವುದು, ಕಿರುಚುವುದು ಇವೆಲ್ಲ ಕೆಂಪು ಪೆನ್ನು ಓಡದವರ ಕೆಲಸ.

ಗೆದ್ದ ಮೇಲೂ ನಿನ್ನ ಅಭಿಪ್ರಾಯ ಬದಲಾಗಿಲ್ಲದಿದ್ದರೆ ಹಾಗೇ ಇಟ್ಟುಕೋ, ಯಾರೂ ಕಿತ್ತುಕೊಳ್ಳುವುದಿಲ್ಲ.

ಪ್ರಶ್ನೆ: ನನ್ನ ಮಗಳು 10ನೇ ತರಗತಿ. ನಾಟಕ ನಾಟಕ ಅಂತ ಸಂಜೆ ಆರರ ತನಕ ಅಲ್ಲೇ ಇರುತ್ತಾಳೆ. ಇದರಿಂದ ಮಾರ್ಕ್ಸ್ ಏನಾದರೂ ಬರುತ್ತದೆಯೇ? ಬಿಡಿಸಿಬಿಡೋಣ ಅಂತ ಇದ್ದೇವೆ.

ಉತ್ತರ: ನಾಟಕ ಮಾಡಿದರೆ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ಹೇಳಿ ನಿಮ್ಮನ್ನು ಒಪ್ಪಿಸಲು ನನಗೆ ಇಷ್ಟ ಇಲ್ಲ. ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ನಡುವೆ ಬಿಡಿಸುವ ಮುಂಚೆ ಒಂದು ಯೋಚನೆ ಮಾಡಿ. ಅವಳು ಬಿಟ್ಟರೆ ಅವಳ ಜೊತೆ ದೃಶ್ಯ ಇರುವ ನಾಲ್ಕೈದು ಮಕ್ಕಳ ಕೆಲಸ ಹಾಳಾಗುತ್ತದೆ, ಅದು ಅವಳಿಗೆ ಗೊತ್ತು, ಪುಸ್ತಕದ ಮುಂದೆ ಕೂತರೂ ಮನಸ್ಸು ಅಲ್ಲೇ ಇರುತ್ತದೆ. ಟೀಚರ್ ಹತ್ತಿರ ಹೋಗಿ ಮೂರು ವಿಷಯ ಕೇಳಿ: ರಿಹರ್ಸಲ್ ಎಷ್ಟು ಗಂಟೆಗೆ ಮುಗಿಯುತ್ತದೆ, ಅವಳ ದೃಶ್ಯ ಇಲ್ಲದ ದಿನ ಬೇಗ ಕಳಿಸುತ್ತಾರೆಯೇ, ಪ್ರದರ್ಶನಕ್ಕೂ ಪರೀಕ್ಷೆಗೂ ನಡುವೆ ಎಷ್ಟು ವಾರ ಇದೆ. ಒಳ್ಳೆಯ ಟೀಚರ್ ಆದರೆ ಮೂರಕ್ಕೂ ತಕ್ಷಣ ಉತ್ತರ ಇರುತ್ತದೆ. ಆರು ವಾರಕ್ಕಿಂತ ಕಮ್ಮಿ ಇದ್ದರೆ ಚಿಕ್ಕ ಪಾರ್ಟು ಕೊಡಿ ಅಂತ ಕೇಳಿ, ಅದರಲ್ಲಿ ತಪ್ಪೇನಿಲ್ಲ. ಹಾಂ, ಒಂದು ಲಾಭ ಇದೆ. ಜೋರಾಗಿ ಓದಿದ್ದು ಮನಸ್ಸಿನಲ್ಲೇ ಓದಿದ್ದಕ್ಕಿಂತ ಜಾಸ್ತಿ ನೆನಪಿರುತ್ತದೆ ಅಂತ ಮನಶ್ಶಾಸ್ತ್ರದವರು ಹಲವು ಸಲ ತೋರಿಸಿದ್ದಾರೆ. ಡೈಲಾಗ್ ಕಲಿಯುವ ಹಾಗೇ ಇತಿಹಾಸವನ್ನೂ ಜೋರಾಗಿ ಓದಲಿ, ಮನೆಯಲ್ಲಿ ಸ್ವಲ್ಪ ಗಲಾಟೆ ಆಗುತ್ತದೆ, ನೀವು ತಡೆದುಕೊಳ್ಳಬೇಕು.

ಪ್ರಶ್ನೆ: ಮೂರು ವರ್ಷದಿಂದ ನನಗೆ ಮರ, ಕಲ್ಲು, ಗುಂಪಿನಲ್ಲಿ ಒಬ್ಬ, ಇವೇ ಪಾರ್ಟುಗಳು. ಈ ಸಲ ಅದೂ ಇಲ್ಲ, ಲೈಟ್ ನೋಡಿಕೋ ಅಂದಿದ್ದಾರೆ. ಬೇಜಾರಾಗಿದೆ.

ಉತ್ತರ: ಬೇಜಾರಾಗುವುದು ಸಹಜ ಮಗಾ. ಆದರೆ ಲೈಟ್ ಅಂದರೆ ಏನು ಅಂತ ನಿನಗೆ ಇನ್ನೂ ಗೊತ್ತಿಲ್ಲ. ನಮ್ಮದೊಂದು ನಾಟಕದ ಕೊನೆಯಲ್ಲಿ ರಾಜ ಸಾಯಬೇಕು, ಲೈಟ್ ಆರಬೇಕು, ಕತ್ತಲಲ್ಲಿ ಅವನು ಎದ್ದು ಹೋಗಬೇಕು. ಲೈಟ್ ನೋಡಿಕೊಳ್ಳುವ ಹುಡುಗ ನಾಟಕ ನೋಡುತ್ತಾ ಮೈಮರೆತಿದ್ದ. ರಾಜ ಸತ್ತ, ಕಾದ, ಇನ್ನೂ ಸ್ವಲ್ಪ ಕಾದ, ಒಂದು ಕಣ್ಣು ತೆರೆದು ಮೇಲೆ ನೋಡಿದ, ಕೊನೆಗೆ ಎದ್ದು ಕಿರೀಟ ಕಂಕುಳಲ್ಲಿ ಇಟ್ಟುಕೊಂಡು ನಡೆದುಕೊಂಡು ಹೋದ. ಒಂದೂವರೆ ತಿಂಗಳ ದುಃಖಾಂತ ನಾಟಕ ಹತ್ತು ಸೆಕೆಂಡಿನಲ್ಲಿ ಪ್ರಹಸನ. ತಪ್ಪು ನನ್ನದೇ, ಆ ಹುಡುಗನನ್ನು ನಾನು ಒಂದು ದಿನವೂ ಪೂರ್ತಿ ರಿಹರ್ಸಲ್‌ಗೆ ಕೂರಿಸಿರಲಿಲ್ಲ.

ನೀನು ಪ್ರತಿ ರಿಹರ್ಸಲ್‌ಗೂ ಹೋಗು. ನಿನ್ನದೇ ಒಂದು ಪ್ರತಿ ಇಟ್ಟುಕೊಂಡು, ಲೈಟ್ ಬದಲಾಗುವ ಮಾತಿನ ಕೆಳಗೆ ಗೆರೆ, ಅದಕ್ಕಿಂತ ಎರಡು ಸಾಲು ಮುಂಚೆ "ತಯಾರು" ಅಂತ ಗುರುತು ಹಾಕು. ಕಪ್ಪು ಬಟ್ಟೆ ಹಾಕಿಕೋ. ಎಡ ಬಲ ಅಂದರೆ ಯಾವಾಗಲೂ ಜನರ ಕಡೆ ಮುಖ ಮಾಡಿ ನಿಂತ ನಟನ ಎಡ ಬಲ, ನೋಡುವವರದ್ದಲ್ಲ, ಇದನ್ನು ಮೊದಲೇ ಎಲ್ಲರ ಜೊತೆ ಮಾತಾಡಿಕೊಂಡಿರು. ಮುಂದಿನ ವರ್ಷ ಪಾರ್ಟು ಬೇಕು ಅಂತ ಟೀಚರಿಗೆ ಬಾಯಿಬಿಟ್ಟು ಹೇಳಿದ್ದೀಯಾ? ಕೇಳದ ಮಕ್ಕಳಿಗೆ ಇಷ್ಟ ಇಲ್ಲ ಅಂದುಕೊಂಡುಬಿಡುತ್ತೇವೆ ನಾವು.

ಪ್ರಶ್ನೆ: ನಾನು ಭಾಷಾ ಶಿಕ್ಷಕ. ಉಗ್ಗು ಇರುವ ಒಬ್ಬ ವಿದ್ಯಾರ್ಥಿ ಪದ್ಯವಾಚನಕ್ಕೆ ಹೆಸರು ಕೊಟ್ಟಿದ್ದಾನೆ. ಉಳಿದ ಮಕ್ಕಳು ಆಡಿಕೊಳ್ಳುತ್ತಾರೇನೋ ಅಂತ ನನಗೆ ಭಯ. ಬೇಡ ಅನ್ನಲೇ?

ಉತ್ತರ: ಖಂಡಿತ ಹಾಗೆ ಅನ್ನಬೇಡಿ ಸರ್. ಅವನಾಗಿಯೇ ಹೆಸರು ಕೊಟ್ಟಿದ್ದಾನೆ, ಅದನ್ನು ಹೊಡೆದು ಹಾಕಬೇಡಿ. ಉಗ್ಗು ಇರುವವರಲ್ಲಿ ಬಹಳ ಜನ ಹಾಡುವಾಗ, ಇನ್ನೊಬ್ಬರ ಜೊತೆ ದನಿಗೂಡಿಸುವಾಗ ಸರಾಗವಾಗಿ ಹೇಳುತ್ತಾರೆ, ಬೇರೊಬ್ಬರ ಪಾತ್ರದಲ್ಲಿದ್ದಾಗಲೂ ಕೆಲವರಿಗೆ ಹಾಗೇ. ಲಯ ಇರುವ ಪದ್ಯ ಆರಿಸಿಕೊಂಡರೆ ಅವನಿಗೆ ಹಿಡಿತ ಸಿಗಬಹುದು, ಆದರೆ ಯಾವ ಪದ್ಯ ಅಂತ ಅವನೇ ಹೇಳಲಿ. ಸ್ಪರ್ಧೆಯಲ್ಲಿ ಸಮಯದ ಮಿತಿ ಇದ್ದರೆ ಅವನಿಗೆ ಹೆಚ್ಚು ಸಮಯ ಕೊಡಿಸಿ, ಅವನನ್ನು ಕೇಳಿಯೇ ಕೊಡಿಸಿ. ಪದ ಸಿಕ್ಕಿಹಾಕಿಕೊಂಡಾಗ ನೀವು ಪೂರ್ತಿ ಮಾಡಿಕೊಡಬೇಡಿ, "ನಿಧಾನ, ಉಸಿರು ಎಳ್ಕೋ" ಅಂತ ಮುಂದಿನ ಸಾಲಿನಿಂದ ಸನ್ನೆ ಮಾಡಬೇಡಿ, ಸುಮ್ಮನೆ ಅವನ ಮುಖ ನೋಡುತ್ತಾ ಕಾಯಿರಿ. ನೀವು ಕಾಯುವುದನ್ನು ನೋಡಿ ಮಕ್ಕಳೂ ಕಾಯುತ್ತಾರೆ. ಬ್ರಿಟನ್ನಿನ ಆರನೇ ಜಾರ್ಜ್ ರಾಜನಾಗುವ ಎಷ್ಟೋ ಮುಂಚೆ, 1926ರಿಂದಲೇ, ಲಯನಲ್ ಲೋಗ್ ಅನ್ನುವವರ ಹತ್ತಿರ ಮಾತಿನ ಅಭ್ಯಾಸಕ್ಕೆ ಹೋಗುತ್ತಿದ್ದರು. ರಾಜರಾದ ಮೇಲೂ ಉಗ್ಗು ಪೂರ್ತಿ ಹೋಗಲಿಲ್ಲ, ರೇಡಿಯೋದಲ್ಲಿ ದೇಶಕ್ಕೆಲ್ಲ ಮಾತಾಡಿದರು. ಮಾತಿನ ಚಿಕಿತ್ಸಕರು ನಿಮಗೆ ಹತ್ತಿರದಲ್ಲಿದ್ದರೆ ಮನೆಯವರಿಗೆ ತಿಳಿಸಿ, ಆದರೆ ಅದು ಪದ್ಯವಾಚನಕ್ಕೆ ಷರತ್ತು ಆಗದಿರಲಿ.

ಜಾಗ ಕಮ್ಮಿ ಇದೆ, ಉಳಿದದ್ದು ಬೇಗ ಬೇಗ.

ಪ್ರಶ್ನೆ: ನಾನು ಮಾತಾಡಿದರೆ ಮೈಕ್‌ನಲ್ಲಿ ಟಪ್ ಟಪ್ ಅನ್ನುತ್ತದೆ, ಕೆಲವು ಸಲ ಕೂಯ್ ಅನ್ನುತ್ತದೆ.

ಉತ್ತರ: ಟಪ್ ಅನ್ನುವುದು ಪ, ಫ, ಬ, ಭ ಹೇಳುವಾಗ ಹೊರಡುವ ಗಾಳಿ ನೇರ ಮೈಕಿಗೆ ಹೊಡೆಯುವುದರಿಂದ. ಬಾಯಿಂದ ಒಂದು ಅಂಗೈ ದೂರ, ಸ್ವಲ್ಪ ಗಲ್ಲದ ಪಕ್ಕಕ್ಕೆ ಹಿಡಿ. ಕೂಯ್ ಅನ್ನುವುದು ಸ್ಪೀಕರಿನ ಸದ್ದು ತಿರುಗಿ ಮೈಕಿನೊಳಗೆ ಹೋಗಿ ಸುತ್ತು ಹೊಡೆಯುವುದರಿಂದ. ಸ್ಪೀಕರಿನ ಮುಂದೆ ನಿಲ್ಲಬೇಡ, ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬೇಡ.

ಪ್ರಶ್ನೆ: ತೀರ್ಪುಗಾರರು ಮೋಸ ಮಾಡಿದರು ಮೇಡಂ, ನಾನೇ ಚೆನ್ನಾಗಿ ಮಾತಾಡಿದ್ದು.

ಉತ್ತರ: ಇರಬಹುದು. ಹೋಗಿ "ನನ್ನದರಲ್ಲಿ ಎಲ್ಲಿ ಅಂಕ ಹೋಯಿತು" ಅಂತ ಕೇಳು. ಅರ್ಧ ಸಲ ಸಮಯ ಮೀರಿದ್ದೇ ಕಾರಣ ಆಗಿರುತ್ತದೆ. ಉಳಿದರ್ಧ ಸಲ ನೀನು ಹೇಳಿದ ಹಾಗೇ.

ಪ್ರಶ್ನೆ: ಆಶುಭಾಷಣಕ್ಕೆ ಒಂದೇ ನಿಮಿಷ ಯೋಚಿಸಲು ಕೊಡುತ್ತಾರೆ. ಚೀಟಿ ತೆಗೆದ ಕೂಡಲೇ ತಲೆ ಖಾಲಿ.

ಉತ್ತರ: ಕೊನೆಯ ವಾಕ್ಯ ಮೊದಲು ಯೋಚಿಸು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದರೆ ದಾರಿ ಸಿಗುತ್ತದೆ. ಆಮೇಲೆ ನಿನಗೇ ನಡೆದ ಒಂದು ಚಿಕ್ಕ ಘಟನೆ. "ಗಡಿಯಾರ" ಅಂತ ಬಂದರೆ ಗಡಿಯಾರದ ಇತಿಹಾಸ ಬೇಡ, ನೀನು ತಡವಾಗಿ ಹೋಗಿ ಬೈಸಿಕೊಂಡ ಒಂದು ಬೆಳಗ್ಗೆ ಸಾಕು.

ಪ್ರಶ್ನೆ: ತಂಗಿ ಸತ್ತಾಗ ಅಳುವ ದೃಶ್ಯ ಇದೆ. ಸತ್ತ ಪಾರ್ಟಿನವಳು ನನ್ನ ಬೆಸ್ಟ್ ಫ್ರೆಂಡ್, ಅವಳನ್ನು ನೋಡಿದರೆ ನಗು ಬಂದುಬಿಡುತ್ತದೆ. ಏನು ಮಾಡಲಿ?

ಉತ್ತರ: ಕಣ್ಣು ನೋಡಬೇಡ, ಹಣೆ ನೋಡು, ಜನರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರಿಹರ್ಸಲ್‌ನಲ್ಲಿ ಆ ದೃಶ್ಯವನ್ನು ಬಿಟ್ಟೂ ಬಿಡದೆ ಹತ್ತು ಸಲ ಮಾಡಿ, ಏಳನೇ ಸಲಕ್ಕೆ ನಗು ಹಳಸಿ ಹೋಗಿರುತ್ತದೆ. ಆದರೂ ಪ್ರದರ್ಶನದ ದಿನ ಬಂದೇ ಬಿಟ್ಟಿತು ಅನ್ನು, ಥಟ್ಟನೆ ಜನರಿಗೆ ಬೆನ್ನು ಹಾಕಿ, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನಗು. ಭುಜ ಕುಲುಕುವುದು ಮಾತ್ರ ಕಾಣುತ್ತದೆ, ಹಿಂದಿನಿಂದ ನೋಡಿದರೆ ಬಿಕ್ಕಿ ಬಿಕ್ಕಿ ಅಳುತ್ತಿರುವ ಹಾಗೇ ಇರುತ್ತದೆ.